ಕೈನೂಲಿನ ತ್ಸಿತ್ಸಿತ್: ಕಡಲಿನಿಂದ ಬಂದ ನೀಲಿ

ಜೆರುಸಲೇಮಿನ ಅಂಗಡಿಯೊಂದರಲ್ಲಿ ಯೆಹೂದಿ ಮಿತ್ರರಿಗಾಗಿ ಕೊಂಡ ಈ ತ್ಸಿತ್ಸಿತ್ ನೂಲಿನ ಕಟ್ಟು ದುಬಾರಿಯಾದರೂ ಕೈಗೆಲಸದ ದೃಷ್ಟಿಯಿಂದ ಮೆಚ್ಚುವಂಥದ್ದು. ಪ್ರಾರ್ಥನಾ ಶಾಲಿನ ನಾಲ್ಕು ಮೂಲೆಗಳಿಗೆ ಕಟ್ಟುವ ಈ ಕುಚ್ಚಿನ ಉಣ್ಣೆಯನ್ನು ಆ ವಿಧಿಗೆಂದೇ ಸಂಕಲ್ಪಿಸಿ ನೂಲಬೇಕೆಂಬ ನಿಯಮವಿದೆ. ಎಳೆ ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ತೆಳು. ಹುರಿ ಮಾತ್ರ ಬಿಗಿಯಾಗಿದೆ.

ನಿಜವಾದ ಸೊಗಸಿರುವುದು ತೆಖೇಲೆತ್ ಎಂಬ ನೀಲಿ ಎಳೆಯಲ್ಲಿ. ಮೆಡಿಟರೇನಿಯನ್ ಕಡಲಿನ ಮ್ಯೂರೆಕ್ಸ್ ಟ್ರಂಕುಲಸ್ ಎಂಬ ಬಸವನಹುಳುವಿನ ಗ್ರಂಥಿಯಿಂದ ತೆಗೆದ ಬಣ್ಣ ಸಾಮಾನ್ಯವಾಗಿ ನೇರಳೆಯ ಕಡೆಗೆ ವಾಲುತ್ತದೆ. ಆದರೆ ತೊಟ್ಟಿಯ ದ್ರಾವಣಕ್ಕೆ ಬಿಸಿಲು ತಾಗಿದಾಗ ಅದರಲ್ಲಿನ ಬ್ರೋಮಿನ್ ಕಳಚಿಕೊಂಡು, ಉಣ್ಣೆಗೆ ನೀಲಿಗಿಡದ ಬಣ್ಣದಂಥದೇ ಅಪ್ಪಟ ನೀಲಿ ಹತ್ತುತ್ತದೆ. ರಸಾಯನದಲ್ಲಿ ಎರಡೂ ಒಂದೇ ಆದರೂ ಗಿಡದ ನೀಲಿಯನ್ನು ಯೆಹೂದಿ ಧರ್ಮಗ್ರಂಥವಾದ ತಾಲ್ಮುದ್ ನಕಲಿಯೆಂದು ತಳ್ಳಿಹಾಕುತ್ತದೆ ಎಂಬುದು ನನಗೆ ಬಹಳ ಸ್ವಾರಸ್ಯಕರವೆನಿಸಿತು. ಈ ಹುಳುವೇ ಪ್ರಾಚೀನ ಮೂಲವೆಂದು ಎಲ್ಲ ರಬ್ಬಿಗಳೂ (ಯೆಹೂದಿ ಧರ್ಮಗುರುಗಳು) ಒಪ್ಪುವುದಿಲ್ಲವಾದ್ದರಿಂದ, ಕೊಳ್ಳುವವರು ತಮ್ಮ ರಬ್ಬಿಯನ್ನು ಮೊದಲೇ ಕೇಳುವುದು ಒಳ್ಳೆಯದು.

ಮಿತ್ರರು ಪ್ರತಿ ಮೂಲೆಯಲ್ಲಿ ನಾಲ್ಕು ಎಳೆ ತೂರಿಸಿ, ಮಡಚಿ ಎಂಟಾಗಿಸಿ, ಸುತ್ತುಗಳ ನಡುವೆ ಐದು ಜೋಡಿಗಂಟುಗಳನ್ನು ಹಾಕಿದರು, ಒಂದೂ ಜಾರಲಿಲ್ಲ. ಮೂರು ಬಾರಿ ತೊಳೆದರೂ ನೀಲಿ ಬಿಳಿಗೆ ಹತ್ತಿಲ್ಲ. ಸೂಚನೆಯ ಹಾಳೆ ಹೀಬ್ರೂವಿನಲ್ಲಿ ಮಾತ್ರ ಇರುವುದು ಹೊಸಬರಿಗೆ ತೊಡಕು.