ರಿಂಗ್ ರೆಸೋನೇಟರ್ ವಿನ್ಯಾಸಕ್ಕೆ ಬಾಡಿಗೆಯ ಸಿಮ್ಯುಲೇಶನ್: ನಾಲ್ಕು ತಿಂಗಳ ಬಳಕೆಯ ನಂತರ

ಕಲಬುರಗಿಯ ನಮ್ಮ ಕಾಲೇಜಿನ ಇಬ್ಬರು ಎಂ.ಟೆಕ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗಾಗಿ, ಸಿಲಿಕಾನ್ ಚಿಪ್ಪಿನ ಮೇಲೆ ಬೆಳಕನ್ನು ಸೋಸುವ ರಿಂಗ್ ರೆಸೋನೇಟರನ್ನು ವಿನ್ಯಾಸ ಮಾಡಲು, ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವ ಒಂದು ಆನ್‌ಲೈನ್ ಸಿಮ್ಯುಲೇಶನ್ ಸೇವೆಯನ್ನು ನಾಲ್ಕು ತಿಂಗಳಿಂದ ಬಳಸುತ್ತಿದ್ದೇನೆ. ಅದರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ಮೆಚ್ಚುಗೆಯ ಮಾತು. ಲೆಕ್ಕವೆಲ್ಲ ದೂರದ ಸರ್ವರಿನಲ್ಲಿ ನಡೆಯುವುದರಿಂದ, ಬೇಸಿಗೆಯ ಮಧ್ಯಾಹ್ನ ಇಲ್ಲಿ ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಚಿತ್ರ ಬಿಡಿಸುವ ಪರದೆಯೂ ಸೊಗಸಾಗಿದೆ. 220 ನ್ಯಾನೋಮೀಟರ್ ದಪ್ಪ, 500 ನ್ಯಾನೋಮೀಟರ್ ಅಗಲದ, ಬೆಳಕನ್ನು ಸಾಗಿಸುವ ಸಿಲಿಕಾನ್ ಹಾದಿಯಾದ ವೇವ್‌ಗೈಡನ್ನು ಉಂಗುರವಾಗಿ ಬಾಗಿಸಿ, ಪಕ್ಕದ ನೇರ ವೇವ್‌ಗೈಡಿಗೂ ಅದಕ್ಕೂ ನಡುವಿನ ಸಂದನ್ನು 200ರಿಂದ 180 ನ್ಯಾನೋಮೀಟರಿಗೆ ಇಳಿಸಿದ ಕೂಡಲೇ, ಡ್ರಾಪ್ ಪೋರ್ಟಿನ, ಅಂದರೆ ಸೋಸಿದ ಬೆಳಕು ಹೊರಬರುವ ದಾರಿಯ, ಶಿಖರ ಅಗಲವಾಗುವುದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಗೋಡೆಯಂಚನ್ನೇ ಹಿಡಿದು ಸಾಗುವುದನ್ನು ಕೇಳಿದವರಿಗೆ, ಬೆಳಕು ಉಂಗುರದೊಳಗೆ ಸುತ್ತುವುದನ್ನು ವಿವರಿಸಲು ನನಗೆ ಹೆಚ್ಚು ಕಷ್ಟವಾಗಲಿಲ್ಲ.

ತೊಡಕಿರುವುದು 'ತ್ವರಿತ ಅಂದಾಜು' ಎಂಬ ಪುಟದಲ್ಲಿ. 10 ಮೈಕ್ರೋಮೀಟರ್ ತ್ರಿಜ್ಯದ ಉಂಗುರದಲ್ಲಿ, 1550 ನ್ಯಾನೋಮೀಟರ್ ತರಂಗಾಂತರದ ಸುತ್ತ, ಒಂದು ಅನುರಣನಕ್ಕೂ (ಅಂದರೆ ಉಂಗುರ ಹಿಡಿದುಕೊಳ್ಳುವ ತರಂಗಾಂತರಕ್ಕೂ) ಮುಂದಿನದಕ್ಕೂ ಸುಮಾರು 16 ನ್ಯಾನೋಮೀಟರ್ ಅಂತರವಿದೆ ಎಂದು ಅದು ತೋರಿಸಿತು. ಎಂಐಟಿಯಲ್ಲಿ ಹುಟ್ಟಿದ, ಉಚಿತವಾಗಿ ಸಿಗುವ ಮೀಪ್ ತಂತ್ರಾಂಶದಲ್ಲಿ ಅದೇ ಉಂಗುರವನ್ನು ಪರೀಕ್ಷಿಸಿದಾಗ ಬಂದದ್ದು ಸುಮಾರು 9. ಕಾರಣ ಹುಡುಕಲು ಒಂದು ವಾರ ಹಿಡಿಯಿತು: ಬೆಳಕಿನ ಸ್ಪಂದ ಆ ಹಾದಿಯಲ್ಲಿ ಎಷ್ಟು ಪಟ್ಟು ನಿಧಾನವಾಗುತ್ತದೆಂದು ಹೇಳುವ ಗ್ರೂಪ್ ಇಂಡೆಕ್ಸ್, ಅಂದರೆ ಸುಮಾರು 4.2, ಬರಬೇಕಾದ ಜಾಗದಲ್ಲಿ ಆ ಪುಟ, ಒಂದೇ ತರಂಗಾಂತರದ ಅಲೆಯ ನಿಧಾನವನ್ನು ಹೇಳುವ ಎಫೆಕ್ಟಿವ್ ಇಂಡೆಕ್ಸಾದ 2.4 ಅನ್ನು ಹಾಕಿಕೊಂಡಿತ್ತು. ತರಂಗಾಂತರ ಬದಲಾದಂತೆ ಎಫೆಕ್ಟಿವ್ ಇಂಡೆಕ್ಸೂ ಬದಲಾಗುತ್ತದೆ ಎಂಬುದನ್ನೇ ಅದು ಮರೆತಂತಿತ್ತು. ಆ 16ನ್ನು ನಂಬಿ ಫಿಲ್ಟರ್ ಮಾಡಿಸಿದ್ದರೆ, ಒಂದು ಚಾನೆಲ್ (ಒಂದು ತರಂಗಾಂತರದಲ್ಲಿ ಸಾಗುವ ಸಂಕೇತ) ಬೇಕೆಂದಲ್ಲಿ ಬೇಡದ ಇನ್ನೊಂದೂ ಡ್ರಾಪ್ ಪೋರ್ಟಿಗೆ ಬಂದು ಬೀಳುತ್ತಿತ್ತು. ದೂರು ಬರೆದ ಮೂರನೆಯ ದಿನ ಉತ್ತರ ಬಂದಿತು. ಪೂರ್ಣ ಮೂರು ಆಯಾಮದ ಲೆಕ್ಕ ಮಾಡಿಕೊಳ್ಳಿ ಎಂಬುದೇ ಅವರ ಸಲಹೆ. ಅದಕ್ಕೆ ಹಣ ಬೇರೆ.

ತಾಪಮಾನದ ವಿಷಯದಲ್ಲಿಯೂ ಇದೇ ಅಲಕ್ಷ್ಯ. ಎಲ್ಲ ಲೆಕ್ಕವೂ ತಾನಾಗಿಯೇ 25 ಡಿಗ್ರಿಗೆ ಹೊಂದಿಕೊಂಡಿರುತ್ತದೆ, ಬದಲಿಸುವ ಜಾಗ ಮೂರನೆಯ ಮೆನುವಿನೊಳಗೆ ಅಡಗಿದೆ. ಸಿಲಿಕಾನ್ ಉಂಗುರದ ಅನುರಣನ ಪ್ರತಿ ಡಿಗ್ರಿಗೆ 0.07ರಿಂದ 0.08 ನ್ಯಾನೋಮೀಟರಿನಷ್ಟು ಸರಿಯುತ್ತದೆ. ಮೇ ತಿಂಗಳಲ್ಲಿ ಎ.ಸಿ. ಇಲ್ಲದ ನಮ್ಮ ಲ್ಯಾಬು 40 ಮುಟ್ಟಿದಾಗ ಅದು 1 ನ್ಯಾನೋಮೀಟರಿಗೂ ಹೆಚ್ಚು. 100 ಗಿಗಾಹರ್ಟ್ಸ್ ಅಂತರದ ಚಾನೆಲ್‌ಗಳ ನಡುವೆ ಇರುವುದೇ 0.8 ನ್ಯಾನೋಮೀಟರ್ ಎಂದ ಮೇಲೆ, ಫಿಲ್ಟರ್ ಪಕ್ಕದ ಮನೆಯ ಬಾಗಿಲು ತಟ್ಟಿದಂತೆಯೇ ಸರಿ. ಚಿಪ್ಪಿನ ಮೇಲೆ ಸಣ್ಣ ಹೀಟರ್ ಇಟ್ಟು ಇದನ್ನು ತಿದ್ದುವುದು ವಾಡಿಕೆಯಾದರೂ, ಹೀಟರ್ ಕಾಯಿಸಬಲ್ಲದೇ ಹೊರತು ತಣಿಸಲಾರದು. ಆದ್ದರಿಂದ ಅತಿ ಹೆಚ್ಚಿನ ಬಿಸಿಯಲ್ಲಿಯೂ ಅನುರಣನ ಗುರಿಗಿಂತ ತುಸು ಕಡಿಮೆ ತರಂಗಾಂತರದಲ್ಲಿಯೇ ಉಳಿಯುವಂತೆ ವಿನ್ಯಾಸ ಮಾಡಬೇಕು. ಈ ಎಚ್ಚರಿಕೆ ಸೇವೆಯ ಕೈಪಿಡಿಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಮೂರು ಆಯಾಮದ ಲೆಕ್ಕ ಮಾತ್ರ ನಿಖರವಾಗಿದೆ, ಮೀಪ್‌ನ ಫಲಿತಾಂಶಕ್ಕೂ ಹೊಂದುತ್ತದೆ. ಅದೊಂದಕ್ಕಾಗಿ ಇನ್ನೆರಡು ತಿಂಗಳು ಮುಂದುವರಿಸಿದ್ದೇನೆ. ತ್ವರಿತ ಅಂದಾಜಿನ ಪುಟವನ್ನು ತೆರೆಯಬಾರದೆಂದು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ.