ಥಾಟ್ ಡೈರಿ ಕೊಳ್ಳುವ ಮೊದಲು ಕಾಲಮ್ಮು ಎಣಿಸಿ

ಥಾಟ್ ಡೈರಿ ಎಂದರೆ ಮನಸ್ಸು ಕೆಡಿಸಿದ ಯೋಚನೆಯನ್ನು ಬರೆದು ಪರೀಕ್ಷಿಸುವ ಪುಸ್ತಕ. ಆನ್‌ಲೈನಿನಲ್ಲಿ ತರಿಸುವ ಇಂಥ ಡೈರಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಬಣ್ಣದ ಚಿತ್ರ, ‘ಇಂದು ಖುಷಿ ಕೊಟ್ಟ ಮೂರು ಸಂಗತಿ’, ಪುಟದಡಿ ಒಂದು ಸುಭಾಷಿತ. ಇನ್ನೊಂದರಲ್ಲಿ ಬರೀ ಏಳು ಕಾಲಮ್ಮು. ದುಡ್ಡು ಕೊಡುವುದಾದರೆ ಎರಡನೆಯದಕ್ಕೆ ಕೊಡಿ.

ಇದರ ಬೇರು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಕಾಗ್ನಿಟಿವ್ ಥೆರಪಿ ಎಂಬ ಮಾತಿನ ಚಿಕಿತ್ಸೆಯಲ್ಲಿದೆ. ಕಾಲಮ್ಮುಗಳು ಹೀಗಿರಬೇಕು: ನಡೆದದ್ದು, ಭಾವನೆ ಮತ್ತು ಅದರ ಪಕ್ಕದಲ್ಲೇ ಅದಕ್ಕೆ 0ರಿಂದ 100ರೊಳಗೆ ಅಂಕ (ಎರಡೂ ಸೇರಿ ಒಂದೇ ಕಾಲಮ್ಮು), ಥಟ್ಟನೆ ಬಂದ ಯೋಚನೆ, ಅದರ ಪರ ಪುರಾವೆ, ವಿರುದ್ಧ ಪುರಾವೆ, ತೂಗಿ ನೋಡಿದ ಮೇಲಿನ ಯೋಚನೆ, ಮತ್ತೆ ಅಂಕ. ಪುರಾವೆಯ ಎರಡು ಕಾಲಮ್ಮು ಬಿಟ್ಟು ನೇರ ‘ಒಳ್ಳೆಯ ಯೋಚನೆ’ಗೆ ಹಾರುವ ಪುಸ್ತಕ ಬೇಡ. ಆಧಾರವಿಲ್ಲದ ಸಮಾಧಾನವನ್ನು ಮನಸ್ಸು ನಂಬುವುದಿಲ್ಲ.

ಆಗಸ್ಟಿನಲ್ಲಿ ಶಿರಸಿಯ ಒಂದು ಅಡಿಕೆ ತೋಟ ಎಂದುಕೊಳ್ಳಿ. ಮೊದಲ ಕಾಲಮ್ಮಿಗೆ ಕಣ್ಣಿಗೆ ಕಂಡದ್ದಷ್ಟೇ: ‘ಹಳ್ಳದ ಬದಿಯ ಸಾಲುಗಳಲ್ಲಿ ಕೊಳೆ ಅಡಿಕೆ ಉದುರಿದೆ.’ ‘ತೋಟ ಹಾಳಾಯ್ತು’ ಎಂಬುದು ಮೂರನೆಯದಕ್ಕೆ ಸೇರಬೇಕು. ಬಹಳ ಜನ ಎಡವುವುದು ಇಲ್ಲೇ. ಹೆದರಿಕೆ 85. ಯೋಚನೆ: ‘ಸೊಸೈಟಿ ಸಾಲ ಕಟ್ಟೋದು ಹೆಂಗೆ?’ ಪ್ರಶ್ನೆಗೆ ಪುರಾವೆ ಹುಡುಕಲಾಗದು. ‘ಸಾಲ ಕಟ್ಟಲಾರೆ’ ಎಂದು ತಿದ್ದಿಕೊಳ್ಳಿ. ಪರ: ಮಳೆ ಬಿಟ್ಟಿಲ್ಲ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಸಿಕ್ಕಿಲ್ಲ, ಕೊಳೆ ತಡೆಯುವ ಬೋರ್ಡೋ ದ್ರಾವಣವನ್ನು ಮೊದಲ ಸಲ ಹೊಡೆಸಿ 45 ದಿನ ದಾಟಿದೆ. ವಿರುದ್ಧ: ಮೇಲಿನ ಸಾಲುಗಳ ಅಡಿಕೆ ಗೊನೆಗಳು ಸ್ವಚ್ಛವಾಗಿವೆ, ಕಂತು ಮಾರ್ಚಿಗೆ. ಆರನೆಯದು: ‘ಹಳ್ಳದ ಬದಿಯ ಫಸಲು ಬಹುಪಾಲು ಹೋದೀತು. ಮಳೆ ಹೊಳವಾದ ದಿನ ಉಳಿದದ್ದಕ್ಕೆ ಎರಡನೇ ಸಲ ಹೊಡೆಸಬೇಕು.’ ಹೆದರಿಕೆ 55.

ಸೊನ್ನೆಗೆ ಇಳಿಯಬೇಕೆಂದೇನಿಲ್ಲ, ನಷ್ಟ ನಿಜವಾದದ್ದೇ. ಆದರೆ 85 ಅಲ್ಲಾಡದೆ ನಿಂತರೆ ಮೂರನೇ ಕಾಲಮ್ಮಿಗೆ ಮರಳಿ. ‘ಅಪ್ಪ ಇದ್ದಿದ್ದರೆ ಹೀಗಾಗ್ತಿರಲಿಲ್ಲ’ ಎಂಬಂಥದ್ದು ಅಡಗಿರುತ್ತದೆ. ಚುಚ್ಚುತ್ತಿರುವುದು ಅದು, ಸಾಲವಲ್ಲ. ಹೊಸ ಸಾಲಿನಲ್ಲಿ ಅದನ್ನೇ ಪರೀಕ್ಷಿಸಿ.

ಅಂದಂದೇ ಬರೆಯಿರಿ, ಹದಿನೈದು ನಿಮಿಷ ಸಾಕು. ಅಂಕ 90 ದಾಟಿದ ಹೊತ್ತಿಗೆ ಪೆನ್ನು ಹಿಡಿದರೆ ಪರ ಪುರಾವೆಯಷ್ಟೇ ಹೊಳೆಯುತ್ತದೆ. ಮೊದಲು ಒಂದು ಸುತ್ತು ನಡೆದು ಬನ್ನಿ. ಎರಡು ವಾರದಿಂದ ನಿದ್ದೆ, ಊಟ, ಕೆಲಸ ಎಲ್ಲಕ್ಕೂ ಪೆಟ್ಟು ಬಿದ್ದಿದ್ದರೆ ಡೈರಿ ಸಾಲದು. ವೈದ್ಯರನ್ನು ಕಾಣಿ, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ: ಉಚಿತ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಕಾಗದ. ಅಂಗೈಯಗಲದ ಪುಟದಲ್ಲಿ ಏಳು ಕಾಲಮ್ಮು ಹಿಡಿಸದು, ಎದುರುಬದುರು ಎರಡು ಪುಟಕ್ಕೆ ಹರಡಿರಬೇಕು. ಕಾರವಾರದ ಮಳೆಗಾಲದ ಥಂಡಿಗೆ ಹಾಳೆ ಮೆತ್ತಗಾಗಿ ಜೆಲ್ ಪೆನ್ನಿನ ಶಾಯಿ ಹರಡೀತು. ಬಾಲ್ ಪೆನ್ನೇ ವಾಸಿ. ಅಷ್ಟಕ್ಕೂ 200 ಪುಟದ ಉದ್ದ ನೋಟ್‌ಬುಕ್ಕಿಗೆ ಸ್ಕೇಲಿನಲ್ಲಿ ಗೆರೆ ಎಳೆದುಕೊಂಡರೆ ಇದೇ ಕೆಲಸ ಆಗುತ್ತದೆ, ಅದೂ ಕಡಿಮೆ ಬೆಲೆಗೆ.