ಮುಧೋಳ ಮರಿಗೆಂದು ಫೋನಿನಲ್ಲಿ ಹಣ ಹಾಕುವ ಮುನ್ನ ಇದನ್ನು ಓದಿ

ಮೊದಲೇ ಹೇಳಿಬಿಡುತ್ತೇನೆ. ಮುಧೋಳ ನಾಯಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆ ತಳಿಯನ್ನು ಮನೆಯ ಮಕ್ಕಳಂತೆ ಸಾಕಿ, ಮರಿ ಮಾರಿ ಬದುಕುತ್ತಿರುವ ಮುಧೋಳ ತಾಲ್ಲೂಕಿನ ಹಳ್ಳಿಯವರ ಮೇಲೂ ಇಲ್ಲ. ತಕರಾರು ಇರುವುದು ಅವರ ಊರಿನ ಹೆಸರು ಹೇಳಿಕೊಂಡು ಮೊಬೈಲಿನಲ್ಲಿ ವ್ಯಾಪಾರ ಮಾಡುವ ಒಬ್ಬ ದಲ್ಲಾಳಿಯ ಮೇಲೆ. ಅವನು ಕಳುಹಿಸಿದ ಮರಿ ನಮ್ಮ ಮನೆಯಲ್ಲಿ ವಾರ ತುಂಬುವ ಮೊದಲೇ ಸತ್ತಿತು. ಸತ್ತ ಮೇಲೆ ಅವನು ಕೊಟ್ಟ ಉತ್ತರಗಳಿವೆಯಲ್ಲ, ಅವುಗಳನ್ನು ನೆನೆಸಿಕೊಂಡರೆ ಮರಿ ಸತ್ತ ದುಃಖಕ್ಕಿಂತ ಹೆಚ್ಚು ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ತುಮಕೂರಿನ ಹೊರಗೆ ನಮ್ಮದು ತೆಂಗಿನ ತೋಟದ ಮನೆ. ಹಳೆಯ ನಾಯಿ ತೀರಿಕೊಂಡ ಮೇಲೆ ಅಪ್ಪ ಮುಧೋಳವೇ ಬೇಕೆಂದು ಹಟ ಹಿಡಿದರು. ಅವರು ಅಂಚೆ ಇಲಾಖೆಯಲ್ಲಿದ್ದವರು. 2005ರಲ್ಲಿ ಮುಧೋಳ ನಾಯಿಯ ಅಂಚೆಚೀಟಿ ಬಂದಾಗ ಒಂದನ್ನು ಕೊಂಡು ಡೈರಿಯೊಳಗೆ ಇಟ್ಟುಕೊಂಡಿದ್ದಾರೆ. 2020ರಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಈ ತಳಿಯ ಹೆಸರು ಹೇಳಿದ ಮೇಲಂತೂ ಅವರನ್ನು ಹಿಡಿಯುವವರಿಲ್ಲ. ಮುಧೋಳದ ರಾಜರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಇಂಗ್ಲೆಂಡಿನ ದೊರೆಗೆ ಕಾಣಿಕೆ ಕೊಟ್ಟ ಕತೆಯನ್ನು ಬಂದವರಿಗೆಲ್ಲ ಹೇಳುವುದು ಅವರ ಅಭ್ಯಾಸ. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವಿದೆ. ಅಲ್ಲಿ ಮರಿ ಬೇಕಿದ್ದರೆ ಸರದಿಗೆ ಕಾಯಬೇಕಾಗುತ್ತದೆ ಎಂದು ತಿಳಿದವರು ಹೇಳಿದರು. ಕಾಯುವ ತಾಳ್ಮೆ ಅಪ್ಪನಿಗಿರಲಿಲ್ಲ. ಅಷ್ಟರಲ್ಲಿ ಮೊಬೈಲಿನಲ್ಲಿ ಈ ಮಹಾನುಭಾವನ ಜಾಹೀರಾತು ಕಂಡಿತು.

ಮಾತು ಕೇಳಬೇಕು ನೀವು. ಎಂಥ ವಿನಯ! "ಸರ್, ಮರಿ ಕೊಡುವ ಮೊದಲು ನಾವು ಮನೆ ಎಂಥದೆಂದು ವಿಚಾರಿಸುತ್ತೇವೆ. ತೋಟ ಇದೆಯೇ? ಓಡಾಡಲು ಜಾಗ ಇದೆಯೇ? ಫ್ಲ್ಯಾಟಿನವರಿಗೆ ನಾವು ಕೊಡುವುದೇ ಇಲ್ಲ." ಒಳ್ಳೆಯ ತಳಿಗಾರರು ಕೇಳುವ ಪ್ರಶ್ನೆಗಳೇ ಇವು. ಅವನಿಗೆ ಅವು ಬಾಯಿಪಾಠ. ತಾಯಿಯ ಫೋಟೊ ಕಳುಹಿಸಿದ: ಕಿರಿದಾದ ಉದ್ದ ತಲೆ, ಇಳಿದ ಎದೆ, ಒಳಸೇರಿದ ಹೊಟ್ಟೆ, ಬಾಗಿದ ನೀಳ ಬಾಲ. ಅಪ್ಪ ಫೋನನ್ನು ಕೈಯಿಂದ ಬಿಡಲಿಲ್ಲ. ಮರಿಗೆ 60 ದಿನ ತುಂಬಿದೆ, ಲಸಿಕೆ ಆಗಿದೆ, ಗುರುತಿನ ಸಂಖ್ಯೆಯಿರುವ ಮೈಕ್ರೋಚಿಪ್ಪನ್ನು ಚರ್ಮದಡಿ ಹಾಕಿದೆ, ತಳಿಯನ್ನು ದಾಖಲಿಸುವ ಕೆನಲ್ ಕ್ಲಬ್ಬಿನ ಕಾಗದ ಹಿಂದಿನಿಂದ ಬರುತ್ತದೆ ಎಂದ. ಮರಿಗೆ ₹14,000, ಚಿಪ್ಪು ಮತ್ತು ಕಾಗದಕ್ಕೆ ₹2,000, ಬಸ್ಸಿನವನಿಗೆ ₹1,500. ನಾವೇ ಬಂದು ನೋಡಿ ಒಯ್ಯುತ್ತೇವೆ ಎಂದಾಗ, "ಅಷ್ಟು ದೂರದಿಂದ ಏಕೆ ಬರುತ್ತೀರಿ ಸರ್, ನಾಳೆ ಇನ್ನೊಬ್ಬರು ಇದನ್ನೇ ಕೇಳಿದ್ದಾರೆ" ಎಂದ. ಇದು ಎಲ್ಲ ದಲ್ಲಾಳಿಗಳ ಮಾತು, ನಿಮಗೂ ಗೊತ್ತು. ಗೊತ್ತಿದ್ದೂ ಹಣ ಹೋಯಿತು.

ಉತ್ತರ ಕರ್ನಾಟಕದಿಂದ ಬೆಂಗಳೂರಿಗೆ ಹೋಗುವ ರಾತ್ರಿಯ ಖಾಸಗಿ ಬಸ್ಸು. ಬೆಳಗಿನ ಜಾವ ಕ್ಯಾತ್ಸಂದ್ರ ಟೋಲ್ ಬಳಿ ನಿಂತಿತು. ಕ್ಲೀನರ್ ಕೆಳಗಿನ ಸಾಮಾನಿನ ಡಿಕ್ಕಿ ತೆರೆದು, ಈರುಳ್ಳಿ ಚೀಲಗಳ ನಡುವಿನಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದುಕೊಟ್ಟ. ಡಿಕ್ಕಿಯಲ್ಲಿ! ಮರಿ ಡ್ರೈವರನ ಪಕ್ಕದಲ್ಲಿ, ಗಾಳಿ ಆಡುವ ಬುಟ್ಟಿಯಲ್ಲಿ ಬರುತ್ತದೆ ಎಂದು ಹೇಳಿ ₹1,500 ವಸೂಲು ಮಾಡಿದ್ದ. ಪೆಟ್ಟಿಗೆಗೆ ಪೆನ್ನಿನಿಂದ ಚುಚ್ಚಿದ ನಾಲ್ಕಾರು ತೂತುಗಳು, ಒಳಗೆ ಒದ್ದೆಯಾದ ಪತ್ರಿಕೆ, ಅದರ ಮೇಲೆ ನಡುಗುತ್ತಿದ್ದ ಮರಿ. ನೀರಿನ ಬಟ್ಟಲಿರಲಿಲ್ಲ. 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ನಾಯಿಯನ್ನು ಹೀಗೆ ಕಳುಹಿಸುವಾಗ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಜೊತೆಗಿರಬೇಕು. ಪೆಟ್ಟಿಗೆಯ ಜೊತೆಗಿದ್ದದ್ದು ಒಂದು ಲಸಿಕೆ ಕಾರ್ಡ್ ಮಾತ್ರ. ಸರ್ಕಾರಿ ಕೆಂಪು ಬಸ್ಸಿನಲ್ಲಿ ಅರ್ಧ ಟಿಕೆಟ್ ಕೊಟ್ಟು ನಾಯಿಯನ್ನು ನಮ್ಮ ಕಣ್ಣೆದುರಿಗೇ ಇಟ್ಟುಕೊಂಡು ಬರಬಹುದು. ರೈಲಿನಲ್ಲಾದರೆ ಮೊದಲ ದರ್ಜೆಯ ಎಸಿ ಕೂಪೆ ಪೂರ್ತಿ ಕಾದಿರಿಸಬೇಕು, ಇಲ್ಲವೇ ಗಾರ್ಡ್ ಬೋಗಿಯ ನಾಯಿಪೆಟ್ಟಿಗೆಯಲ್ಲಿ ಕಳುಹಿಸಬೇಕು. ಸ್ಲೀಪರ್‌ನಲ್ಲಾಗಲಿ ಮೂರನೇ ಎಸಿಯಲ್ಲಾಗಲಿ ಬಿಡುವುದಿಲ್ಲ. ತೊಂದರೆ ನಿಜ. ಆದರೆ ಡಿಕ್ಕಿಯಲ್ಲಿ ಈರುಳ್ಳಿಯ ಜೊತೆ?

ಫೋಟೊದಲ್ಲಿದ್ದುದಕ್ಕಿಂತ ಮರಿ ಚಿಕ್ಕದಿತ್ತು. ಕೇಳಿದೆ. "ಪ್ರಯಾಣದಲ್ಲಿ ಬಳಲಿದೆ ಸರ್, ಎರಡು ದಿನ ಹಾಲು ಕುಡಿದರೆ ಮೈ ತುಂಬಿಕೊಳ್ಳುತ್ತದೆ." ಅಪ್ಪ ಭೈರ ಎಂದು ಹೆಸರಿಟ್ಟರು. ಮರುದಿನ ಸಂಜೆ ವಾಂತಿ ಶುರುವಾಯಿತು. ಮತ್ತೆ ಫೋನ್ ಮಾಡಿದೆ. "ಜಾಗ ಬದಲಾಗಿದೆಯಲ್ಲ, ಮಜ್ಜಿಗೆ ಅನ್ನ ಹಾಕಿ, ಡಾಕ್ಟರ್ ಹತ್ತಿರ ಓಡಬೇಡಿ, ಅವರು ಸುಮ್ಮನೆ ಇಂಜೆಕ್ಷನ್ ಚುಚ್ಚುತ್ತಾರೆ." ಈ ಮಾತು ಗಮನಿಸಿ. ಡಾಕ್ಟರ್ ಹತ್ತಿರ ಹೋಗಬೇಡಿ ಎಂದು ಮಾರಿದವನೇ ಹೇಳುತ್ತಿದ್ದಾನೆ. ಬೆಳಗಾಗುವಷ್ಟರಲ್ಲಿ ರಕ್ತದ ಭೇದಿ. ಆ ವಾಸನೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ.

ಪಶುವೈದ್ಯರು ಪರೀಕ್ಷಾ ಕಿಟ್ ಹಾಕಿ ನೋಡಿ ಪಾರ್ವೊ ಎಂದರು. ಮರಿಗಳ ಕರುಳಿಗೆ ತಗಲುವ ಮಾರಕ ವೈರಾಣು ರೋಗ ಅದು. ಮುಂಗಾಲಿಗೆ ಡ್ರಿಪ್ ಹಾಕುತ್ತಲೇ ಮರಿಯ ಬಾಯಿ ಬಿಡಿಸಿ ನೋಡಿದರು. ಹಿಂದಿನ ಹಾಲುಹಲ್ಲುಗಳು ಇನ್ನೂ ಪೂರ್ತಿ ಬಂದಿರಲಿಲ್ಲ. "ಎರಡು ತಿಂಗಳೆಂದು ಯಾರು ಹೇಳಿದರು? ಐದು ವಾರ ಆಗಿದ್ದರೆ ಹೆಚ್ಚು. ಇನ್ನೂ ತಾಯಿಯ ಜೊತೆ ಇರಬೇಕಾದ ಮರಿ ಇದು" ಎಂದರು. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಕೇಂದ್ರ ನಿಯಮಗಳಲ್ಲಿ ಎಂಟು ವಾರ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ಆಮೇಲೆ ಅವರು ಲಸಿಕೆ ಕಾರ್ಡ್ ಕೇಳಿದರು.

ಅಲ್ಲಿಂದ ಮುಂದೆ ನಡೆದದ್ದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಕಾರ್ಡಿನಲ್ಲಿ ಲಸಿಕೆಯ ಸೀಸೆಯಿಂದ ಕಿತ್ತು ಅಂಟಿಸಿದ ಲೇಬಲ್ ಇತ್ತು, ಸಹಿ ಇತ್ತು, ಸೀಲು ಇತ್ತು. ಡಾಕ್ಟರ್ ಲೇಬಲ್ ಓದಿದರು. ಅದು ರೇಬಿಸ್ ಲಸಿಕೆಯದು. ಮೂರು ತಿಂಗಳಾಗದೆ ಅದನ್ನು ಹಾಕುವುದಿಲ್ಲ, ಪಾರ್ವೊಗೂ ಅದಕ್ಕೂ ಸಂಬಂಧವೇ ಇಲ್ಲ. ಸೀಲು ವೈದ್ಯರದ್ದಲ್ಲ, ಯಾವುದೋ ಮೆಡಿಕಲ್ ಸ್ಟೋರಿನದು. ವೈದ್ಯರ ನೋಂದಣಿ ಸಂಖ್ಯೆಯ ಜಾಗ ಖಾಲಿ. ಕೆಳಗೆ ಮೈಕ್ರೋಚಿಪ್ ಸಂಖ್ಯೆ. ಡಾಕ್ಟರ್ ಅದರ ಮೇಲೆ ಬೆರಳಿಟ್ಟು, "ಚಿಪ್ಪಿನ ಸಂಖ್ಯೆಯಲ್ಲಿ ಹದಿನೈದು ಅಂಕಿ ಇರುತ್ತವೆ, ಇಲ್ಲಿ ಹತ್ತೇ ಇವೆಯಲ್ಲ" ಎಂದರು. ನನ್ನ ಹೆಂಡತಿ ಕಾರ್ಡ್ ತೆಗೆದುಕೊಂಡು, ಏನನ್ನೋ ಯೋಚಿಸಿ, ಆ ಹತ್ತು ಅಂಕಿಗಳನ್ನು ತನ್ನ ಮೊಬೈಲಿನಲ್ಲಿ ಒತ್ತಿದಳು.

ರಿಂಗಾಯಿತು. ಅವನೇ ಎತ್ತಿದ. "ಹೇಳಿ ಸರ್, ಮರಿ ಬೇಕಿತ್ತೇ?"

ತನ್ನ ಇನ್ನೊಂದು ಮೊಬೈಲ್ ನಂಬರನ್ನೇ ಮೈಕ್ರೋಚಿಪ್ ಸಂಖ್ಯೆ ಎಂದು ಬರೆದಿದ್ದ! ಅದಕ್ಕೆ ನಾನು ₹2,000 ಕೊಟ್ಟಿದ್ದೆ. ಕ್ಲಿನಿಕ್ಕಿನಲ್ಲಿ ಬೆಕ್ಕು ತಂದಿದ್ದ ಹುಡುಗ ನಕ್ಕ. ಕಾಂಪೌಂಡರ್ ಕೂಡ ಮುಖ ತಿರುಗಿಸಿಕೊಂಡು ನಕ್ಕ. ನಾನು ಏನು ಮಾಡಬೇಕು? ಮೇಜಿನ ಮೇಲೆ ಮರಿ ಸಾಯುತ್ತಿದೆ, ಫೋನಿನಲ್ಲಿ ಅವನು "ಹಲೋ, ಹಲೋ, ಗಂಡೋ ಹೆಣ್ಣೋ ಹೇಳಿ" ಎನ್ನುತ್ತಿದ್ದಾನೆ. ಆ ಹಲೋ ಹಲೋ ಇನ್ನೂ ಕಿವಿಯಲ್ಲಿದೆ.

ಭೈರ ಉಳಿಯಲಿಲ್ಲ. ಆಸ್ಪತ್ರೆಯ ಖರ್ಚು ಬೇರೆ, ಅದರ ಲೆಕ್ಕ ಬೇಡ.

ಈಗ ಅವನ ಉತ್ತರಗಳು. ಮೊದಲನೆಯದು: "ನಮ್ಮಲ್ಲಿದ್ದಾಗ ಚೆನ್ನಾಗಿಯೇ ಇತ್ತು. ನಿಮ್ಮ ತೋಟದಲ್ಲೇ ರೋಗ ತಗುಲಿದೆ." ಪಾರ್ವೊ ವೈರಾಣು ದೇಹ ಸೇರಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ನಮ್ಮಲ್ಲಿಗೆ ಬಂದ ಮರುದಿನವೇ ವಾಂತಿಯಾಯಿತೆಂದರೆ ರೋಗ ಎಲ್ಲಿಂದ ಬಂತು ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನು ಕಳುಹಿಸಿದೆ. ಅದಕ್ಕೆ ಎರಡನೇ ಉತ್ತರ: "ಡಾಕ್ಟರಿಗೇನು ಗೊತ್ತು ಸರ್, ನಾವು ಹುಟ್ಟಿದಾಗಿನಿಂದ ನಾಯಿ ನೋಡಿದವರು." ಚಿಪ್ಪಿನ ವಿಷಯ ಕೇಳಿದರೆ, "ಅದು ಹುಡುಗ ಬರೆದಿರಬೇಕು, ಗಡಿಬಿಡಿಯಲ್ಲಿ ತಪ್ಪಾಗಿದೆ." ಕೆನಲ್ ಕ್ಲಬ್ಬಿನ ಕಾಗದ ಕೇಳಿದರೆ, ಮುಧೋಳ ಹೌಂಡ್ ಎಂದು ಚಿನ್ನದ ಅಕ್ಷರದಲ್ಲಿ ಬರೆದ ಒಂದು ಪ್ರಮಾಣಪತ್ರದ ಚಿತ್ರ ಕಳುಹಿಸಿದ. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ದಾಖಲಿಸುವುದು ಕ್ಯಾರವಾನ್ ಹೌಂಡ್ ಎಂಬ ಹೆಸರಿನಲ್ಲಿ. ಕಳ್ಳ ಕಾಗದ ಮಾಡುವವನು ಅಷ್ಟಾದರೂ ಓದಿಕೊಳ್ಳಬಾರದೇ? ಕೊನೆಯ ಉತ್ತರ ಕೇಳಿ: "ಆಗಿದ್ದು ಆಯಿತು ಸರ್. ನಿಮ್ಮ ತಂದೆಯವರ ಮುಖ ನೋಡಿ ಇನ್ನೊಂದು ಮರಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆ. ಬಸ್ಸಿನ ಖರ್ಚು ಮಾತ್ರ ನಿಮ್ಮದು."

ಅರ್ಧ ಬೆಲೆಗೆ! ಅದೂ ಈ ಮನೆಗೆ! ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷದವರೆಗೂ ಉಳಿಯುತ್ತದೆ. ಲಸಿಕೆ ಪೂರ್ತಿಯಾಗದ ಯಾವ ಮರಿಯನ್ನೂ ಸದ್ಯಕ್ಕೆ ತರಬೇಡಿ ಎಂದು ಡಾಕ್ಟರ್ ಹೇಳಿದ್ದಾರೆ. ಫಿನಾಯಿಲಿಗೆ ಅದು ಜಗ್ಗುವುದಿಲ್ಲ. ಬ್ಲೀಚಿಂಗ್ ದ್ರಾವಣದಿಂದ ಜಗಲಿ ತೊಳೆದು ತೊಳೆದು ನನ್ನ ಹೆಂಡತಿಯ ಕೈ ಸುಲಿದಿದೆ. ಪಕ್ಕದ ತೋಟದವರ ನಾಯಿ ಆಗಷ್ಟೇ ಮರಿ ಹಾಕಿತ್ತು. ಅವರು ಈಗ ನಮ್ಮ ಬೇಲಿ ದಾಟುವುದಿಲ್ಲ, ನಾವು ಅವರ ಅಂಗಳಕ್ಕೆ ಹೋಗುವುದಿಲ್ಲ. ಅವನು ಬಸ್ಸಿಗೆ ಹಾಕಿದ್ದು ಒಂದು ಮರಿಯನ್ನಷ್ಟೇ ಅಲ್ಲ.

ನನ್ನ ಭಾಮೈದ ಕೆಲಸದ ಮೇಲೆ ಬಾಗಲಕೋಟೆ ಕಡೆ ಹೋದಾಗ ವಿಚಾರಿಸಿಕೊಂಡು ಆ ದಲ್ಲಾಳಿಯ ಜಾಗಕ್ಕೆ ಹೋಗಿದ್ದ. ಅಲ್ಲಿದ್ದದ್ದು ಒಂದು ತಗಡಿನ ಶೆಡ್ಡು. ದಲ್ಲಾಳಿ ತಳಿಗಾರನೇ ಅಲ್ಲ, ಅಲ್ಲಿ ಇಲ್ಲಿ ಮರಿ ಕೂಡಿಹಾಕಿ ಮಾರುವವನು. ಯಾವ ಮರಿಯ ಜೊತೆ ಯಾವ ಮರಿ, ಯಾವುದಕ್ಕೆ ರೋಗ, ಲೆಕ್ಕವೇ ಇಲ್ಲ. ಒಂದು ಹೆಣ್ಣು ನಾಯಿ ಮಾತ್ರ ಕಟ್ಟಿತ್ತಂತೆ. ಪಕ್ಕೆಲುಬು ಎಣಿಸಬಹುದು, ಮೊಲೆಗಳು ಜೋತುಬಿದ್ದಿವೆ, ಆದರೂ ಮತ್ತೆ ಗಬ್ಬ. 2017ರ ಅದೇ ನಿಯಮಗಳ ಪ್ರಕಾರ ಹೆಣ್ಣು ನಾಯಿಗೆ ಹದಿನೆಂಟು ತಿಂಗಳಾಗದೆ ಮರಿ ಹಾಕಿಸುವಂತಿಲ್ಲ, ವರ್ಷಕ್ಕೆ ಒಂದೇ ಸಲ, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸಲ ಇಲ್ಲ. ತಳಿಗಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಶೆಡ್ಡಿನ ಗೋಡೆಯ ಮೇಲೆ ದೇವರ ಕ್ಯಾಲೆಂಡರ್ ಬಿಟ್ಟರೆ ಬೇರೆ ಕಾಗದವಿರಲಿಲ್ಲವಂತೆ. ಪಕ್ಕದ ಊರಿನಲ್ಲಿ ನಿಜವಾಗಿ ನಾಯಿ ಸಾಕುವ ಹಿರಿಯರೊಬ್ಬರು ಭಾಮೈದನಿಗೆ ಚಹಾ ಕೊಟ್ಟು, "ಇಂಥವರಿಂದ ನಮ್ಮ ಮರಿಗಳನ್ನೂ ಜನ ಅನುಮಾನದಿಂದ ನೋಡುತ್ತಾರೆ ತಮ್ಮಾ" ಎಂದು ನೊಂದುಕೊಂಡರಂತೆ. ತಮ್ಮ ನಾಯಿಗಳನ್ನು ತೋರಿಸಿದರಂತೆ. ಅಪ್ಪನಿಗೆ ಈ ವಿಷಯವನ್ನು ನಾನು ಇನ್ನೂ ಹೇಳಿಲ್ಲ.

ಠಾಣೆಯಲ್ಲಿ "ನಾಯಿಮರಿ ಸತ್ತಿದ್ದಕ್ಕೂ ದೂರೇ?" ಎಂದು ಕೇಳಿದರು. ಮರಿ ಸತ್ತಿದ್ದಕ್ಕಲ್ಲ, ಸುಳ್ಳು ಕಾಗದ ಕೊಟ್ಟು ಹಣ ಕಿತ್ತದ್ದಕ್ಕೆ ಎಂದು ಎಷ್ಟು ಹೇಳಿದರೂ ಕಿವಿಗೆ ಹೋಗಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾರಿದವನ ಊರಿಗೆ ಅಲೆಯಬೇಕಾಗಿಲ್ಲ, ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟಿದ್ದೇನೆ. ರಸೀದಿ ಇಲ್ಲ, ಅವನು ಕೊಡಲೂ ಇಲ್ಲ. ಹಣ ಹೋದ ಯುಪಿಐ ದಾಖಲೆ, ಅವನ ಸಂದೇಶಗಳು, ಲಸಿಕೆ ಕಾರ್ಡ್, ವೈದ್ಯರ ಚೀಟಿ, ಇವಿಷ್ಟೇ ನನ್ನ ಕೈಯಲ್ಲಿರುವುದು. ಸಂದೇಶಗಳನ್ನು ಅಳಿಸಬೇಡಿ, ಸಿಟ್ಟಿನಲ್ಲಿ ಅವನನ್ನು ಬ್ಲಾಕ್ ಮಾಡಲೂ ಬೇಡಿ.

ಮರಿ ತರುವುದಿದ್ದರೆ ಹೋಗಿ ತನ್ನಿ. ತಾಯಿಯನ್ನು ಕಣ್ಣಾರೆ ನೋಡಿ, ಮರಿಗಳು ಅದರ ಜೊತೆಗೇ ಇವೆಯೇ ನೋಡಿ. ಬಾಯಿ ಬಿಡಿಸಿ ಹಲ್ಲು ನೋಡಿ. ಕಾರ್ಡಿನ ಲೇಬಲ್ ಯಾವ ಲಸಿಕೆಯದೆಂದು ಓದಿ, ಸೀಲಿನಲ್ಲಿರುವ ವೈದ್ಯರಿಗೆ ಅಲ್ಲಿಂದಲೇ ಫೋನ್ ಮಾಡಿ. ಬಸ್ಸಿಗೆ ಹಾಕುತ್ತೇನೆ ಎಂದವನ ಜೊತೆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಬೆಲೆ ಎಷ್ಟೇ ಕಡಿಮೆಯಿರಲಿ.

ಅವನ ಹೆಸರು, ನಂಬರು ಹಾಕಬೇಡಿ ಎಂದು ವಕೀಲರು ಹೇಳಿದ್ದಾರೆ, ಆದ್ದರಿಂದ ಹಾಕಿಲ್ಲ. ಆದರೆ ಜಾಹೀರಾತಿನ ಫೋಟೊ ಹೇಳಬಹುದು: ನೀಲಿ ಬಾಗಿಲಿನ ಮುಂದೆ ಬಿಸ್ಕತ್ತು ಬಣ್ಣದ ಮುಧೋಳ ನಾಯಿ, ಕುತ್ತಿಗೆಯಲ್ಲಿ ಕೆಂಪು ಪಟ್ಟಿ, ಎಡಕ್ಕೆ ತಲೆಕೆಳಗಾಗಿಟ್ಟ ಪ್ಲಾಸ್ಟಿಕ್ ಬಕೆಟ್. ಭಾಮೈದ ಶೆಡ್ಡಿನಲ್ಲಿ ಕಂಡ ನಾಯಿ ಅದಲ್ಲ. ಆ ಫೋಟೊ ಈ ವಾರ ಬೇರೆ ನಂಬರಿನಲ್ಲಿ ಮತ್ತೆ ಬಂದಿದೆ, ಈ ಸಲ ಬೆಲೆ ₹16,000.